ಹಣದುಬ್ಬರ ಇಳಿದರೂ ಹೋಟೆಲ್ ಕಾಫಿ ರೇಟು ಯಾಕೆ ಇಳಿಯುವುದಿಲ್ಲ?

ತುಮಕೂರು_ಗಲ್ಲಾಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಒಂದು ಸಣ್ಣ ದರ್ಶಿನಿ ನಡೆಸುತ್ತೇನೆ. ಹದಿನಾಲ್ಕು ವರ್ಷ ಆಯಿತು. ಮೊನ್ನೆ ಬೆಳಿಗ್ಗೆ ದಿನಾ ಬರುವ ಮೇಷ್ಟ್ರೊಬ್ಬರು ಪೇಪರ್ ಮಡಚಿ ಗಲ್ಲಾದ ಮೇಲೆ ಇಟ್ಟರು. "ಹಣದುಬ್ಬರ ಇಳಿದಿದೆಯಂತೆ ಕಣಯ್ಯ. ನಿನ್ನ ಕಾಫಿ ಮಾತ್ರ ಯಾಕೆ ಇಳಿದಿಲ್ಲ?" ಅಂದರು. ಹಿಂದೆ ಟೋಕನ್ನಿಗೆ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಉತ್ತರ ಹೊಳೆಯಲಿಲ್ಲ.

ನನ್ನ ಲೆಕ್ಕ ಮುಚ್ಚುಮರೆ ಇಲ್ಲದೆ ಇಡುತ್ತೇನೆ. ಒಂದು ಕೆಜಿ ಪುಡಿಯಲ್ಲಿ 120 ಲೋಟ ಕಾಫಿ ಆಗುತ್ತದೆ. ನಾನು ತರಿಸುವ ಪುಡಿ 2025ರಲ್ಲಿ ಕೆಜಿಗೆ 560ರಿಂದ 800 ಆಯಿತು. ಅಂದರೆ ಲೋಟಕ್ಕೆ 2 ರೂಪಾಯಿ ಜಾಸ್ತಿ. ಅದೇ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿ 46ಕ್ಕೆ ಬಂತು. ಲೋಟಕ್ಕೆ 75 ಮಿಲಿ ಹಾಲು, ಅಲ್ಲಿಗೆ 30 ಪೈಸೆ. ಒಟ್ಟು 2.30. ನಾನು ಕಾಫಿಯನ್ನು 12ರಿಂದ 15 ಮಾಡಿದೆ. ಈಗ ಪುಡಿ 720ಕ್ಕೆ ಇಳಿದಿದೆ. ಬೋರ್ಡಿನಲ್ಲಿ 15 ಹಾಗೇ ಇದೆ.

ನಾನು ಮೋಸ ಮಾಡುತ್ತಿದ್ದೇನಾ? ಅರ್ಥಶಾಸ್ತ್ರ ಓದಿದವರು ಇದ್ದರೆ ಹೇಳಿ.

ಹುಬ್ಬಳ್ಳಿ_ಗಿರ್ಮಿಟ್

ಸಾಹೇಬ್ರ, ಏರಿದ್ದು 2.30, ಏರಿಸಿದ್ದು 3. ಆ 70 ಪೈಸೆ ಎಲ್ಲಿ ಹೋಯಿತು? ಖರೇ ಹೇಳಿ.

ತುಮಕೂರು_ಗಲ್ಲಾಪೆಟ್ಟಿಗೆ

ಕೇಳುತ್ತೀರಿ ಅಂತ ಗೊತ್ತಿತ್ತು. ಚಿಲ್ಲರೆ ಸ್ವಾಮಿ, ಚಿಲ್ಲರೆ. 14.30 ಅಂತ ಬೋರ್ಡ್ ಹಾಕೋಕಾಗುತ್ತಾ? 14 ಮಾಡಿದರೆ ನನಗೆ ಲಾಸ್. ಅದೂ ಅಲ್ಲದೆ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಪ್ರತಿಯೊಬ್ಬರಿಗೂ ಒಂದು ರೂಪಾಯಿ ನಾಣ್ಯ ಹುಡುಕುತ್ತಾ ಕೂರಬೇಕು. ಮೊದಲು 12 ಇದ್ದಾಗ ಕೊನೆಗೆ ಚಾಕೊಲೇಟ್ ಕೊಟ್ಟು ಸಾಗಹಾಕುತ್ತಿದ್ದೆ. ಅದಕ್ಕೂ ಬೈಸಿಕೊಂಡಿದ್ದೇನೆ. ಇನ್ನೊಂದು ಮಾತು. ಪುಡಿ ಏರಿದ ಮೇಲೂ ಎರಡೂವರೆ ತಿಂಗಳು ಹಳೆ ರೇಟಿಗೇ ಕೊಟ್ಟಿದ್ದೇನೆ. ಎದುರಿನ ಹೋಟೆಲಿನವರು ಏರಿಸಲಿ ಅಂತ ನಾನು, ನಾನು ಏರಿಸಲಿ ಅಂತ ಅವರು. ಆ ಲಾಸ್ ಯಾರೂ ಕೇಳುವುದಿಲ್ಲ.

ಸೂಚ್ಯಂಕ_ಟೀಚರ್

ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಸಾರ್, ನೀವು ನಾಲ್ಕು ಸಾಲಿನಲ್ಲಿ ಹೇಳಿದ್ದನ್ನು ನಾನು ನಾಲ್ಕು ತರಗತಿಯಲ್ಲಿ ಹೇಳುತ್ತೇನೆ.

ಪುಸ್ತಕದಲ್ಲಿ ಬೆಲೆ ಅಂದರೆ ಬೇಡಿಕೆ, ಪೂರೈಕೆ ಎರಡು ಗೆರೆ ಸೇರುವ ಚುಕ್ಕಿ. ನಿಜವಾದ ಅಂಗಡಿಯಲ್ಲಿ ಬೆಲೆ ಅಂದರೆ ಒಬ್ಬ ಮನುಷ್ಯ ಮಾಡುವ ತೀರ್ಮಾನ. ಅಲನ್ ಬ್ಲೈಂಡರ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞರಿಗೆ ಇದು ಹೊಳೆಯಿತು. ಸಿದ್ಧಾಂತ ಬದಿಗಿಟ್ಟು ಸುಮಾರು 200 ಕಂಪನಿಗಳಿಗೆ ಜನ ಕಳಿಸಿ ನೇರವಾಗಿ ಕೇಳಿಸಿದರು: ನೀವು ಬೆಲೆ ಯಾವಾಗ ಬದಲಾಯಿಸುತ್ತೀರಿ, ಯಾಕೆ ತಡ ಮಾಡುತ್ತೀರಿ? 1998ರಲ್ಲಿ ಅದು ಪುಸ್ತಕವಾಗಿ ಬಂತು. ಹೆಚ್ಚುಕಡಿಮೆ ಅರ್ಧದಷ್ಟು ಕಂಪನಿಗಳು ವರ್ಷಕ್ಕೆ ಒಂದು ಸಲ ಅಥವಾ ಅದಕ್ಕಿಂತ ಕಮ್ಮಿ ಬದಲಾಯಿಸುತ್ತಿದ್ದವು. ತಡಕ್ಕೆ ಕಾರಣ ಕೇಳಿದಾಗ ಮೊದಲ ಸ್ಥಾನದಲ್ಲಿ ಬಂದ ಉತ್ತರ ಯಾವುದು ಗೊತ್ತೇ? "ನಾನೇ ಮೊದಲು ಏರಿಸಿದರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ." ನಿಮ್ಮ ಎದುರಿನ ಹೋಟೆಲ್ ಕಥೆಯೇ.

ಇನ್ನು ಬೋರ್ಡ್. ಬೆಲೆ ಬದಲಾಯಿಸುವುದಕ್ಕೇ ತಗಲುವ ಖರ್ಚಿಗೆ ಅರ್ಥಶಾಸ್ತ್ರದಲ್ಲಿ 'ಮೆನು ವೆಚ್ಚ' ಅನ್ನುತ್ತಾರೆ. ಹೋಟೆಲ್ ಮೆನುವಿನಿಂದಲೇ ಬಂದ ಹೆಸರು.

ತುಮಕೂರು_ಗಲ್ಲಾಪೆಟ್ಟಿಗೆ

ಮೇಡಂ, ಆ ವೆಚ್ಚ ಎಷ್ಟು ಅಂತ ನನ್ನನ್ನು ಕೇಳಿ! ನನ್ನ ಬೋರ್ಡಿನಲ್ಲಿ 41 ಐಟಂ ಇದೆ. ಹೆಸರು ಪೇಂಟ್ ಮಾಡಿದ್ದು, ರೇಟು ಮಾತ್ರ ರೇಡಿಯಂ ಸ್ಟಿಕ್ಕರ್. ಸ್ಟಿಕ್ಕರ್ ಅಂಗಡಿಯವನು ಒಂದು ಅಂಕಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾನೆ. ಹಳೆಯದನ್ನು ಬ್ಲೇಡಿನಲ್ಲಿ ಕೆರೆಯುವಾಗ ಕೆಳಗಿನ ಬಣ್ಣವೂ ಎದ್ದು ಬರುತ್ತದೆ. ಈಗಲೂ ಬಂದು ನೋಡಿ, 'ಕಾಫಿ 15'ರ ಐದರ ಹಿಂದೆ ಎರಡರ ಬಾಲ ಕಾಣುತ್ತದೆ.

ದುಡ್ಡಿಗಿಂತ ಹೆಚ್ಚಿನ ಖರ್ಚು ಬೇರೆ ಇದೆ. ಬದಲಾಯಿಸಿದ ಮೊದಲ ವಾರ ಪ್ರತಿಯೊಬ್ಬರಿಗೂ ಸಮಜಾಯಿಷಿ ಕೊಡಬೇಕು. ಮೂರು ರೂಪಾಯಿಗೆ ಮುನ್ನೂರು ಮಾತು.

ಮುಳಬಾಗಿಲು_ಕ್ರೇಟ್

ಓದಿ ಹೊಟ್ಟೆ ಉರಿಯಿತು ಅಣ್ಣ. ನಿಮಗೆ ರೇಟು ಇಳಿಸಲೋ ಬೇಡವೋ ಅನ್ನುವ ಚಿಂತೆ. ನಮಗೆ ರೇಟು ಎಷ್ಟು ಅಂತ ಬೇರೆಯವರು ಕೂಗಿ ಹೇಳುತ್ತಾರೆ.

ನಮ್ಮದು ಟೊಮೆಟೊ. ಕೋಲಾರ ಮಾರ್ಕೆಟ್ಟಿಗೆ ಹಾಕುತ್ತೇವೆ. ಅಲ್ಲಿ ಲೆಕ್ಕ 15 ಕೆಜಿ ಬಾಕ್ಸಿನದು. 2023ರ ಬೇಸಿಗೆಯಲ್ಲಿ ರೇಟು ಬಿದ್ದು ಸುಮಾರು ಜನ ಮುಂದಿನ ನಾಟಿಯನ್ನೇ ಬಿಟ್ಟರು. ಹಾಕಿದವರಿಗೆ ಎಲೆ ಮುದುಡು ರೋಗ ಬಂತು, ಬಿಳಿ ನೊಣ ಬಂತು. ಜುಲೈ ಹೊತ್ತಿಗೆ ಮಾಲೇ ಇಲ್ಲ. ಬಾಕ್ಸ್ 2,000 ರೂಪಾಯಿ ದಾಟಿತು. ತೋಟಕ್ಕೆ ರಾತ್ರಿ ಕಾವಲು ಕೂತಿದ್ದೇವೆ, ಗೊತ್ತಾ? ಆ ರೇಟು ನೋಡಿ ಎಲ್ಲರೂ ನಾಟಿ ಮಾಡಿದರು. ನಾಟಿಯಿಂದ ಮೊದಲ ಬಿಡಿಸುವವರೆಗೆ ಎರಡು ಎರಡೂವರೆ ತಿಂಗಳು. ಎಲ್ಲರ ಮಾಲೂ ಒಟ್ಟಿಗೆ ಬಂತು. ಸೆಪ್ಟೆಂಬರ್‌ನಲ್ಲಿ ಕೆಜಿ ಹತ್ತು ರೂಪಾಯಿಗೂ ಕೆಳಗೆ.

ನಮ್ಮಲ್ಲಿ ಮೆನು ವೆಚ್ಚ ಸೊನ್ನೆ. ಹರಾಜು ಕೂಗುವವನಿಗೆ ಸ್ಟಿಕ್ಕರ್ ಬೇಕಾಗಿಲ್ಲ. ರೇಟು ತೀರಾ ಬಿದ್ದರೆ ಬಿಡಿಸುವ ಕೂಲಿ, ಟೆಂಪೋ ಬಾಡಿಗೆ ಕೂಡ ಹುಟ್ಟುವುದಿಲ್ಲ. ಗಿಡದಲ್ಲೇ ಬಿಟ್ಟು ಕುರಿ ಮೇಯಿಸುತ್ತೇವೆ.

ಸೂಚ್ಯಂಕ_ಟೀಚರ್

ಇದಕ್ಕೆ ಅರ್ಥಶಾಸ್ತ್ರದಲ್ಲಿ 'ಜೇಡರ ಬಲೆ' ಅಂತಲೇ ಹೆಸರು. 1930ರ ದಶಕದಲ್ಲಿ ನಿಕೋಲಸ್ ಕಾಲ್ಡರ್ ಇಟ್ಟದ್ದು. ಇವತ್ತಿನ ಬೆಲೆ ನೋಡಿ ಬಿತ್ತುತ್ತೇವೆ, ಮಾರುವುದು ಮೂರು ತಿಂಗಳ ಆಮೇಲಿನ ಬೆಲೆಗೆ. ಈ ಸುತ್ತನ್ನು ಕಾಗದದ ಮೇಲೆ ಗೆರೆ ಎಳೆದರೆ ಬಲೆಯ ಹಾಗೆ ಕಾಣುತ್ತದೆ.

2023ರ ಜುಲೈನಲ್ಲಿ ದೇಶದ ಚಿಲ್ಲರೆ ಹಣದುಬ್ಬರ 7.44 ಶೇಕಡಾ ಮುಟ್ಟಿತ್ತು. ಅದಕ್ಕೆ ದೊಡ್ಡ ಕಾರಣ ತರಕಾರಿ, ಅದರಲ್ಲೂ ಟೊಮೆಟೊ. ಒಂದು ವರ್ಷದ ಹಿಂದಿನ ಬೆಲೆಗೆ ಹೋಲಿಸಿದರೆ ಮೂರು ಪಟ್ಟು ಆಗಿತ್ತು. ಕೇಂದ್ರ ಸರ್ಕಾರ ಕರ್ನಾಟಕ, ಆಂಧ್ರ, ಮಹಾರಾಷ್ಟ್ರದ ಮಂಡಿಗಳಿಂದ ಟೊಮೆಟೊ ಕೊಂಡು ದೆಹಲಿಯಲ್ಲಿ ಕೆಜಿ 90ಕ್ಕೆ, ಆಮೇಲೆ 80ಕ್ಕೆ, 70ಕ್ಕೆ ಮಾರಿತು.

ಇನ್ನೊಂದು ಅಂಕಿ ನಿಮ್ಮ ಹೊಟ್ಟೆ ಇನ್ನೂ ಉರಿಸಬಹುದು. ರಿಸರ್ವ್ ಬ್ಯಾಂಕ್ 2024ರಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ತಲುಪುವುದು ಟೊಮೆಟೊದಲ್ಲಿ ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37.

ಮುಳಬಾಗಿಲು_ಕ್ರೇಟ್

33 ಪೈಸೆ ಬಂದ ವರ್ಷ ಹಬ್ಬ ಮಾಡುತ್ತೇವೆ ಮೇಡಂ. ಉಳಿದ ವರ್ಷ ಕುರಿಗಳು ಮಾಡುತ್ತವೆ.

ಬಾಡಿಗೆ_ಮನೆ

ಇವೆಲ್ಲ ಸರಿ, ಆದರೆ ಸರ್ಕಾರದ ಅಂಕಿಯನ್ನೇ ನಂಬುವುದು ಹೇಗೆ? 2025ರ ಅಕ್ಟೋಬರ್‌ನಲ್ಲಿ ಹಣದುಬ್ಬರ 0.25 ಶೇಕಡಾ ಅಂದರು. ಅದೇ ತಿಂಗಳು ಬೆಂಗಳೂರಿನ ನನ್ನ ಮನೆ ಓನರ್ ಎರಡು ಸಾವಿರ ಬಾಡಿಗೆ ಏರಿಸಿದರು. ಮಗಳ ಸ್ಕೂಲ್ ಫೀಸ್ ಕಥೆ ಬೇಡ. ಸುಮ್ನೆ ಏನೋ ಒಂದು ಬರೆದು ಕಳಿಸುತ್ತಾರೆ ಅನ್ನಿಸುತ್ತದೆ.

ಸೂಚ್ಯಂಕ_ಟೀಚರ್

ಸುಮ್ನೆ ಬರೆಯುವುದಿಲ್ಲ. ಆದರೆ ಅದು ನಿಮ್ಮ ಮನೆಯ ಲೆಕ್ಕವೂ ಅಲ್ಲ. ಹಣದುಬ್ಬರ ಅಳೆಯುವುದು ಗ್ರಾಹಕ ಬೆಲೆ ಸೂಚ್ಯಂಕದಿಂದ. 2012 ಮೂಲ ವರ್ಷದ, ಅಂದರೆ 2012ರ ಬೆಲೆಗೆ ಹೋಲಿಸಿ ನೋಡುವ ಸೂಚ್ಯಂಕಕ್ಕೆ 1,114 ನಗರ ಮಾರುಕಟ್ಟೆ, 1,181 ಹಳ್ಳಿಗಳಿಂದ ಪ್ರತಿ ತಿಂಗಳು ಬೆಲೆ ಬರುತ್ತಿತ್ತು. ಅದರಲ್ಲಿ ಊಟ ತಿಂಡಿ, ಪಾನೀಯದ ಪಾಲು ನೂರಕ್ಕೆ 45.86, ಮನೆ ಬಾಡಿಗೆ ವಗೈರೆಯದು ಬರೀ 10.07. ಬೆಂಗಳೂರಿನಲ್ಲಿ ಸಂಬಳದ ಮೂರನೇ ಒಂದು ಪಾಲು ಬಾಡಿಗೆಗೆ ಕೊಡುವವರಿಗೆ ಇದು ತಮಾಷೆ ಅನ್ನಿಸುವುದು ಸಹಜ. ಆ ಅಕ್ಟೋಬರ್‌ನಲ್ಲಿ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ 5 ಶೇಕಡಾ ಕೆಳಗಿತ್ತು. ತಕ್ಕಡಿಯ ಆ ತಟ್ಟೆ ಭಾರವಾದ್ದರಿಂದ ಇಡೀ ಅಂಕಿ ಕೆಳಗೆ ಬಂತು. ಈಗ ಮೂಲ ವರ್ಷ 2024ಕ್ಕೆ ಬದಲಾಗಿದೆ, ತೂಕಗಳೂ ಹೊಸ ಕುಟುಂಬ ಖರ್ಚಿನ ಸಮೀಕ್ಷೆಯಿಂದ ಬಂದಿವೆ.

ಮೇಷ್ಟ್ರ ಪ್ರಶ್ನೆಯಲ್ಲೂ ಒಂದು ಎಡವಟ್ಟು ಇದೆ. ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತ ಅಲ್ಲ. ಬಸ್ಸು ಘಾಟಿ ಹತ್ತುತ್ತಿದೆ, ವೇಗ ಕಮ್ಮಿ ಮಾಡಿತು ಅಷ್ಟೇ. ಕೆಳಗೆ ಇಳಿಯಲಿಲ್ಲ.

ರಿಸರ್ವ್ ಬ್ಯಾಂಕ್ ಬೆಂಗಳೂರೂ ಸೇರಿದ ಹಾಗೆ ಹಲವು ನಗರಗಳಲ್ಲಿ ಮನೆಮನೆಗೆ ಹೋಗಿ "ನಿಮ್ಮ ಪ್ರಕಾರ ಬೆಲೆ ಎಷ್ಟು ಏರುತ್ತಿದೆ" ಅಂತ ಕೇಳುತ್ತದೆ. ಜನ ಹೇಳುವ ಅಂಕಿ ಸಾಮಾನ್ಯವಾಗಿ ಅಧಿಕೃತ ಅಂಕಿಗಿಂತ ಮೇಲೇ ಇರುತ್ತದೆ. ಇಳಿದದ್ದು ಮರೆತುಹೋಗುತ್ತದೆ, ಏರಿದ್ದು ನೆನಪಿರುತ್ತದೆ. ನಾನೂ ಹಾಗೇ. ಈರುಳ್ಳಿ 20 ಆದ ದಿನ ಯಾವತ್ತೂ ಡೈರಿಯಲ್ಲಿ ಬರೆದಿಲ್ಲ.

ನಿವೃತ್ತ_ಕ್ಯಾಷಿಯರ್

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದ್ದೇನೆ. ನೀವೆಲ್ಲ ಲೋಟ, ಕ್ರೇಟ್ ಅಂತ ಸುತ್ತುತ್ತಿದ್ದೀರಿ. ಮೂಲ ವಿಷಯ ದುಡ್ಡು. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಹೇಳಿಲ್ಲವೇ, ಹಣದುಬ್ಬರ ಎಲ್ಲಿದ್ದರೂ ಯಾವಾಗಲೂ ಹಣದ್ದೇ ಸಮಸ್ಯೆ ಅಂತ? ಆ ಮಾತಿರುವ ಉಪನ್ಯಾಸ 1963ರಲ್ಲಿ ಮೊದಲು ಅಚ್ಚಾದದ್ದು ನಮ್ಮ ಬಾಂಬೆಯಲ್ಲಿ. ಸಾಲ ಅಗ್ಗವಾದರೆ ಬೆಲೆ ಏರುತ್ತದೆ. ರಿಸರ್ವ್ ಬ್ಯಾಂಕ್ ಉಳಿದ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಅದೇ ರೆಪೊ ದರ, ಏರಿಸಲಿ, ತಾನಾಗಿ ನಿಲ್ಲುತ್ತದೆ.

ಮುಳಬಾಗಿಲು_ಕ್ರೇಟ್

ಸಾರ್, ಬಿಳಿ ನೊಣಕ್ಕೆ ರೆಪೊ ದರ ಗೊತ್ತಾ?

ಸೂಚ್ಯಂಕ_ಟೀಚರ್

ಹ್ಹಹ್ಹ. ಇಬ್ಬರೂ ಸರಿ. ಹತ್ತು, ಇಪ್ಪತ್ತು ವರ್ಷದ ಲೆಕ್ಕಕ್ಕೆ ಕ್ಯಾಷಿಯರ್ ಸಾರ್ ಮಾತು ತೂಕದ್ದು. ಮುಂದಿನ ಮೂರು ತಿಂಗಳಿಗೆ ಕ್ರೇಟ್ ಮಾತು ತೂಕದ್ದು.

2016ರಿಂದ ನಮ್ಮಲ್ಲಿ ಕಾನೂನೇ ಇದೆ: ಹಣದುಬ್ಬರ 4 ಶೇಕಡಾ ಸುತ್ತ ಇರಬೇಕು, ಆಚೆ ಈಚೆ 2 ರಿಯಾಯಿತಿ. ಸತತ ಮೂರು ತ್ರೈಮಾಸಿಕ ಗೆರೆ ದಾಟಿದರೆ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕು. 2022ರಲ್ಲಿ ಹಾಗೆ ಬರೆದುಕೊಡುವ ಸಂದರ್ಭ ಬಂತು. 2022ರ ಮೇಯಿಂದ 2023ರ ಫೆಬ್ರವರಿವರೆಗೆ ರೆಪೊ 4ರಿಂದ 6.5ಕ್ಕೆ ಹೋಯಿತು. ಅದರಿಂದ ಒಂದು ಟೊಮೆಟೊ ಕೂಡ ಹೆಚ್ಚಿಗೆ ಹಣ್ಣಾಗಲಿಲ್ಲ, ನಿಜ. ಹಾಗಿದ್ದರೆ ಯಾಕೆ ಏರಿಸಿದರು?

ಉತ್ತರ ಗಲ್ಲಾಪೆಟ್ಟಿಗೆ ಸಾರ್ ಅವರ ಬೋರ್ಡಿನಲ್ಲಿದೆ. ಟೊಮೆಟೊ ಏರುತ್ತದೆ, ಇಳಿಯುತ್ತದೆ. ಅದು ಏರಿದಾಗ ಅಡುಗೆ ಭಟ್ಟರು ಸಂಬಳ ಜಾಸ್ತಿ ಕೇಳಿ, ಸಾರ್ ಬೋರ್ಡ್ ಬದಲಾಯಿಸಿ, ಆ ಬೋರ್ಡ್ ನೋಡಿ ಸಲೂನಿನವನೂ ಬೋರ್ಡ್ ಬದಲಾಯಿಸಿದರೆ, ಟೊಮೆಟೊ ಇಳಿದ ಮೇಲೂ ಅವು ಇಳಿಯುವುದಿಲ್ಲ. ಬಡ್ಡಿ ದರದ ಗುರಿ ಕೋಲಾರ ಮಾರ್ಕೆಟ್ ಅಲ್ಲ, ತುಮಕೂರಿನ ಸ್ಟಿಕ್ಕರ್ ಅಂಗಡಿ.

ನಿವೃತ್ತ_ಕ್ಯಾಷಿಯರ್

ಒಂದು ಆಕ್ಷೇಪ ಇದೆ. ನೀವು ಹೇಳಿದ ಹಾಗೆ ಏರಿ ಇಳಿಯದ ಬೆಲೆಗಳನ್ನು ಅಳೆಯಲು ಆಹಾರ, ಇಂಧನ ಬಿಟ್ಟು ಉಳಿದದ್ದನ್ನು ತಾನೆ 'ಮೂಲ ಹಣದುಬ್ಬರ' ಅನ್ನುವುದು? ಹೋಟೆಲ್ ಕಾಫಿ ಆಹಾರವಲ್ಲವೇ ಟೀಚರಮ್ಮ? ಹಾಗಾದರೆ ಅವರ ಬೋರ್ಡ್ ಆ ಲೆಕ್ಕದಲ್ಲೇ ಇಲ್ಲ.

ಸೂಚ್ಯಂಕ_ಟೀಚರ್

ಸಿಕ್ಕಿಬಿದ್ದೆ. ನೀವು ಹೇಳಿದ್ದು ಸರಿ. 2012ರ ಸರಣಿಯಲ್ಲಿ ಸಿದ್ಧ ಊಟ, ತಿಂಡಿ, ಸಿಹಿ ಎಲ್ಲ ಆಹಾರದ ಗುಂಪಿನ ಒಳಗೇ ಇತ್ತು, 5.55ರ ತೂಕದಲ್ಲಿ. ಅಂದರೆ ಟೊಮೆಟೊ ಹಾಗೆ ಕುಣಿಯದ ಹೋಟೆಲ್ ರೇಟನ್ನೂ ಟೊಮೆಟೊ ಜೊತೆಗೇ ಪಕ್ಕಕ್ಕಿಡುತ್ತಿದ್ದರು. ಹೊಸ ಸರಣಿಯಲ್ಲಿ ಹೋಟೆಲ್, ವಸತಿ ಸೇವೆಗಳಿಗೆ ಬೇರೆಯೇ ವಿಭಾಗ ಮಾಡಿದ್ದಾರೆ. ನನಗೆ ಕೇಳಿದರೆ ಇದು ಬಹಳ ಹಿಂದೆಯೇ ಆಗಬೇಕಿತ್ತು.

ಮೂಡಿಗೆರೆ_ತೋಟ

ಕಾಫಿ ಬೆಳೆಯುವವನು ಮಾತಾಡದೆ ಹೇಗೆ! ನಮ್ಮ ಅರೇಬಿಕಾ ರೇಟು ನಿರ್ಧಾರ ಆಗುವುದು ನ್ಯೂಯಾರ್ಕ್‌ನಲ್ಲಿ, ರೊಬಸ್ಟಾದು ಲಂಡನ್‌ನಲ್ಲಿ. ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಬಂದರೆ ಮೂಡಿಗೆರೆಯಲ್ಲಿ ಹೊಸ ಜೀಪು ಬರುತ್ತದೆ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು, ಹಿಂದೆಂದೂ ಕಾಣದ ರೇಟು. ನಮ್ಮ ಅಪ್ಪ ದಿನಾ ಬೆಳಿಗ್ಗೆ ಎದ್ದು ದೇವರ ಫೋಟೋಗಿಂತ ಮೊದಲು ಮೊಬೈಲಿನಲ್ಲಿ ಲಂಡನ್ ರೇಟು ನೋಡುತ್ತಾರೆ.

ನಮ್ಮ ರೇಟು ಬಿದ್ದ ಮಾರನೇ ದಿನವೇ ಕೊಳ್ಳುವವರು ಮೂಟೆಗೆ ಕಮ್ಮಿ ಮಾಡುತ್ತಾರೆ. ಪುಡಿ ಅಂಗಡಿಯವರಿಗೆ ಅದು ಗೊತ್ತಾಗಲು ಯಾಕೋ ಆರು ತಿಂಗಳು ಬೇಕು.

ಸೂಚ್ಯಂಕ_ಟೀಚರ್

ಅದರ ಮೇಲೂ ಸಂಶೋಧನೆ ಇದೆ. 'ರಾಕೆಟ್ ಮತ್ತು ಗರಿ' ಅನ್ನುತ್ತಾರೆ. ಏರುವಾಗ ರಾಕೆಟ್, ಇಳಿಯುವಾಗ ಗರಿ. 1991ರಲ್ಲಿ ಬ್ರಿಟನ್ನಿನ ಪೆಟ್ರೋಲ್ ಬೆಲೆ ಮೇಲೆ ಬಂದ ಅಧ್ಯಯನದಿಂದ ಈ ಹೆಸರು ಹಬ್ಬಿತು. 2000ದಲ್ಲಿ ಸ್ಯಾಮ್ ಪೆಲ್ಟ್ಸ್‌ಮನ್ ಅಮೆರಿಕದಲ್ಲಿ 77 ಗ್ರಾಹಕ ವಸ್ತು, 165 ಉತ್ಪಾದಕರ ವಸ್ತುಗಳನ್ನು ನೋಡಿದರು. ಮೂರರಲ್ಲಿ ಎರಡಕ್ಕಿಂತ ಹೆಚ್ಚು ಮಾರುಕಟ್ಟೆಗಳಲ್ಲಿ ಇದೇ ಕಥೆ. ವಿಚಿತ್ರ ಅಂದರೆ, ಪೈಪೋಟಿ ಜಾಸ್ತಿ ಇರುವ ಕಡೆಯೂ ಇದು ಕಂಡಿತು. ದುರಾಸೆ ಅಂತ ಒಂದೇ ಮಾತಿನಲ್ಲಿ ಮುಗಿಸಲು ಆಗುವುದಿಲ್ಲ.

ಹುಬ್ಬಳ್ಳಿ_ಗಿರ್ಮಿಟ್

ಮತ್ತ ಐದು ರೂಪಾಯಿ ಬಿಸ್ಕಿಟ್ ಪ್ಯಾಕಿನ ಕಥೆ ಹೇಳಿ. ಅದು ಏರೋದೂ ಇಲ್ಲ, ಇಳಿಯೋದೂ ಇಲ್ಲ. ನನ್ನ ಮಗ ಸಾಲಿಗೆ ಹೋಗಾಕ ಶುರು ಮಾಡಿದಾಗಲೂ ಐದು, ಈಗ ಡಿಗ್ರಿ ಮುಗಿಸ್ಯಾನ, ಈಗಲೂ ಐದು. ಒಳಗ ಬಿಸ್ಕಿಟ್ ಎಣಿಸಿದರ ಗೊತ್ತಾಗತೈತಿ.

ಸೂಚ್ಯಂಕ_ಟೀಚರ್

ಬೆಲೆ ನಿಂತಲ್ಲೇ ನಿಂತು ಗ್ರಾಂ ಓಡಾಡುವುದು! ಐದು ರೂಪಾಯಿ ಒಂದು ನಾಣ್ಯ. ಹಳ್ಳಿ ಅಂಗಡಿಯಲ್ಲಿ ಮಗು ಒಂದು ನಾಣ್ಯ ಕೊಟ್ಟು ಒಂದು ಪ್ಯಾಕ್ ತೆಗೆದುಕೊಂಡು ಹೋಗಬೇಕು. ಅಮೆರಿಕದಲ್ಲಿ ಕೋಕಾ ಕೋಲಾ ಇದೇ ರೀತಿ 1886ರಿಂದ 1950ರ ದಶಕದ ಕೊನೆವರೆಗೆ ಐದು ಸೆಂಟಿಗೆ ನಿಂತಿತ್ತು. ಯಂತ್ರಗಳು ಒಂದೇ ನಾಣ್ಯ ನುಂಗುತ್ತಿದ್ದವು, ಅದೂ ಒಂದು ಕಾರಣ.

2025ರ ಸೆಪ್ಟೆಂಬರ್ 22ರಂದು ಬಿಸ್ಕತ್ತಿನ ಜಿಎಸ್‌ಟಿ 18ರಿಂದ 5ಕ್ಕೆ ಬಂತಲ್ಲ, ಆಗ ಇದು ತಿರುಗುಮುರುಗು ಆಯಿತು. ಲೆಕ್ಕದ ಪ್ರಕಾರ ಐದು ರೂಪಾಯಿ ಪ್ಯಾಕ್ 4.45 ಆಗಬೇಕು. 55 ಪೈಸೆ ಚಿಲ್ಲರೆ ಕೊಡುವ ಅಂಗಡಿ ಎಲ್ಲಿದೆ? ಬೆಲೆ ಹಾಗೇ ಇಟ್ಟು ಗ್ರಾಂ ಜಾಸ್ತಿ ಮಾಡುತ್ತೇವೆ ಅಂತ ಕಂಪನಿಗಳು ಮುಂದೆ ಬಂದವು.

ಬಾಡಿಗೆ_ಮನೆ

ಅದು ಸರಿ. ಗಲ್ಲಾಪೆಟ್ಟಿಗೆ ಅಣ್ಣ, ನಿಮಗೊಂದು ಪ್ರಶ್ನೆ. ನಾನು ತುಮಕೂರಿನವನೇ, ಊರಿಗೆ ಬಂದಾಗ ನಿಮ್ಮಲ್ಲಿ ಕುಡಿದಿದ್ದೇನೆ ಅನ್ನಿಸುತ್ತದೆ. ಲೋಟ ಮೊದಲಿನದ್ದೇನಾ?

ತುಮಕೂರು_ಗಲ್ಲಾಪೆಟ್ಟಿಗೆ

…

ಹುಬ್ಬಳ್ಳಿ_ಗಿರ್ಮಿಟ್

ಮೂರು ಚುಕ್ಕಿ ಯಾಕ್ರೀ ಸಾಹೇಬ್ರ? 😄

ತುಮಕೂರು_ಗಲ್ಲಾಪೆಟ್ಟಿಗೆ

ಸರಿ, ಹೇಳಿಬಿಡುತ್ತೇನೆ. ಇಲ್ಲ, ಮೊದಲಿನದ್ದಲ್ಲ. 2023ರಲ್ಲಿ ಹೊಸ ಸ್ಟೀಲ್ ಲೋಟ ತಂದೆ. ಹಳೆಯದು 110 ಮಿಲಿ, ಇದು 100. ತಳ ಸ್ವಲ್ಪ ದಪ್ಪ, ಬಾಯಿ ಅಗಲ, ಕಣ್ಣಿಗೆ ಗೊತ್ತಾಗುವುದಿಲ್ಲ. ಬೋರ್ಡಿನ ರೇಟು ಮುಟ್ಟಬಾರದು ಅಂತ ಹಾಗೆ ಮಾಡಿದ್ದು. ಯಾರೂ ಕೇಳಲಿಲ್ಲ, ಮೂರು ಜನ ಬಿಟ್ಟು. ಆ ಮೂವರೂ ಬೈಟು ಕುಡಿಯುವವರು. ಅರ್ಧ ಮಾಡಿ ಹಂಚಿಕೊಳ್ಳುವವರಿಗೆ ಐದು ಮಿಲಿ ಕೂಡ ಗೊತ್ತಾಗುತ್ತದೆ ನೋಡಿ.

ಸೂಚ್ಯಂಕ_ಟೀಚರ್

ಇದು ನಿಮ್ಮ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ವಿಷಯ ಹೇಳಲೇಬೇಕು. 1986ರಲ್ಲಿ ಕಾನೆಮನ್, ನೆಚ್, ಥೇಲರ್ ಸೇರಿ ಕೆನಡಾದ ಟೊರಾಂಟೊ, ವ್ಯಾಂಕೂವರ್ ಜನಕ್ಕೆ ಫೋನ್ ಮಾಡಿ ಕೇಳಿಸಿದರು. ಹಿಮ ಬಿದ್ದ ಮಾರನೇ ದಿನ ಅಂಗಡಿಯವನು 15 ಡಾಲರ್‌ನ ಹಿಮದ ಸಲಿಕೆಯನ್ನು 20 ಮಾಡಿದರೆ ಸರಿಯೇ? 82 ಶೇಕಡಾ ಜನ ಅನ್ಯಾಯ ಅಂದರು. ಇನ್ನೊಂದು ಪ್ರಶ್ನೆಯಲ್ಲಿ, ಬೇರೊಬ್ಬ ಅಂಗಡಿಯವನಿಗೆ ಹೋಲ್‌ಸೇಲ್ ಬೆಲೆ ಏರಿ, ಅಷ್ಟನ್ನೇ ಅವನು ಗ್ರಾಹಕರ ಮೇಲೆ ಹಾಕಿದರೆ? ಅದನ್ನು ಹೆಚ್ಚಿನವರು ಒಪ್ಪಿದರು. ಬೆಲೆ ಏರಿದ್ದಕ್ಕಲ್ಲ ಸಿಟ್ಟು, ಕಾರಣಕ್ಕೆ.

ನಿಮ್ಮ ಮೇಷ್ಟ್ರು ಕೇಳಿದ್ದೂ ಅದನ್ನೇ. ಪುಡಿ 560ರಿಂದ 800 ಆಯಿತು ಅಂತ ಗಲ್ಲಾದ ಪಕ್ಕ ಒಂದು ಚೀಟಿ ಅಂಟಿಸಿದ್ದರೆ ಅವರು ಪೇಪರ್ ಮಡಚುತ್ತಿರಲಿಲ್ಲ.

ಹುಬ್ಬಳ್ಳಿ_ಗಿರ್ಮಿಟ್

ಚೀಟಿ ಅಂಟಿಸಿದರ 720 ಆದಾಗೂ ಅಂಟಿಸಬೇಕಾಗತೈತಿ ಮೇಡಂ!

ತುಮಕೂರು_ಗಲ್ಲಾಪೆಟ್ಟಿಗೆ

ಅದೇ ಕಷ್ಟ. 80 ರೂಪಾಯಿ ಇಳಿದರೆ ಲೋಟಕ್ಕೆ 67 ಪೈಸೆ. ಒಂದು ರೂಪಾಯಿ ಇಳಿಸಿ 14 ಮಾಡಿದರೆ ಮತ್ತೆ ಚಿಲ್ಲರೆ ಗೋಳು. ಈಗ ಅರ್ಧಕ್ಕರ್ಧ ಜನ ಫೋನಿನಲ್ಲೇ ಸ್ಕ್ಯಾನ್ ಮಾಡುತ್ತಾರೆ, 14 ಹೊಡೆಯಬಹುದು, ನಿಜ. ಆದರೆ ಬೆಳಿಗ್ಗೆ ಆರಕ್ಕೆ ಬರುವ ಪೌರಕಾರ್ಮಿಕರು, ಆಟೋದವರು ಇನ್ನೂ ಕಾಸೇ ಕೊಡುವುದು. ಮೇಲಾಗಿ ಮುಂದಿನ ತಿಂಗಳು ಒಂದನೇ ತಾರೀಕು ಕಮರ್ಷಿಯಲ್ ಸಿಲಿಂಡರ್ ಎಷ್ಟಾಗುತ್ತದೋ ಯಾರಿಗೆ ಗೊತ್ತು? ಅದು ತಿಂಗಳು ತಿಂಗಳೂ ಬದಲಾಗುತ್ತದೆ. ಇವತ್ತು ಇಳಿಸಿ ನಾಳೆ ಏರಿಸಿದರೆ ಎರಡು ಸಲ ಸ್ಟಿಕ್ಕರ್, ಎರಡು ವಾರ ಬೈಗುಳ.

ನಿನ್ನೆ ರಾತ್ರಿ ಅಂಗಡಿ ಮುಚ್ಚಿ ಬಾಡಿಗೆ_ಮನೆ ಅವರ ಪ್ರಶ್ನೆ ನೆನೆಸಿಕೊಂಡು ಒಂದು ಲೆಕ್ಕ ಹಾಕಿದೆ. ಹಳೆ ಲೋಟಕ್ಕೆ ವಾಪಸ್ ಹೋದರೆ ಹತ್ತನೇ ಒಂದು ಪಾಲು ಜಾಸ್ತಿ ಕಾಫಿ. ಪುಡಿ 60 ಪೈಸೆ, ಹಾಲು 35 ಪೈಸೆ. ಒಟ್ಟು 95. ನನಗೆ ಉಳಿದಿರುವುದು 67. 28 ಪೈಸೆ ಕೈಯಿಂದ ಹೋಗುತ್ತದೆ.

ಹಳೆ ಲೋಟ ಎಸೆದಿಲ್ಲ, ಅಟ್ಟದ ಮೇಲೆ ಗೋಣಿಚೀಲದಲ್ಲಿವೆ. ಹುಡುಗನಿಗೆ ಇಳಿಸಿ ಹುಣಸೆಹಣ್ಣು ಹಚ್ಚಿ ತೊಳೆದಿಡಲು ಹೇಳಿದ್ದೇನೆ. ಸೋಮವಾರದಿಂದ ಅದೇ. ಬೋರ್ಡ್ ಮಾತ್ರ ಮುಟ್ಟುವುದಿಲ್ಲ.

ಮುಳಬಾಗಿಲು_ಕ್ರೇಟ್

ಸೋಮವಾರ ತುಮಕೂರು ಕಡೆ ಲೋಡ್ ಇದೆ ಅಣ್ಣ. ಬರುತ್ತೇನೆ. ಬೈಟು ಅಲ್ಲ, ಫುಲ್.

ತುಮಕೂರು_ಗಲ್ಲಾಪೆಟ್ಟಿಗೆ

ಬನ್ನಿ. ಬರುವಾಗ ಎರಡು ಕ್ರೇಟ್ ಟೊಮೆಟೊ ಹಾಕಿಕೊಂಡು ಬನ್ನಿ. ರೇಟು ನೀವೇ ಹೇಳಿ.